ಕಾಗೆ ಮಾಡಿದ ಆರೈಕೆ

ಎಮ್ಮೆಯ ಬೆನ್ನ ಮೇಲಿದ್ದ ಗಂಟನ್ನು ಕೊಕ್ಕರೆ ಪಂಡಿತರು ಕೊಯ್ದು ತೆಗೆದರು. ಗಾಯಕ್ಕೊಂದು ಎಲೆ ಅಂಟಿಸಿ, "ಎಂಟು ದಿನ ಯಾರೂ ಮುಟ್ಟಕೂಡದು" ಎಂದು ಹೇಳಿ ಹೋದರು. ದಿನವೂ ಅದೇ ಬೆನ್ನಿನ ಉಣ್ಣಿ ಹೆಕ್ಕಿ ಹೆಕ್ಕಿ ಎಮ್ಮೆಗೆ ಗೆಳತಿಯಾಗಿದ್ದ ಕಾಗೆಗೆ ಮನಸ್ಸು ತಡೆಯಲಿಲ್ಲ. ಗಾಯ ಆರಿದೆಯೋ ಇಲ್ಲವೋ ನೋಡೋಣವೆಂದು ಮರುದಿನವೇ ಎಲೆ ಎತ್ತಿತು. ಎಳೆಯ ಹಕ್ಕಳೆಯೂ ಎಲೆಯೊಂದಿಗೆ ಕಿತ್ತು ಬಂದು ರಕ್ತ ಜಿನುಗಿತು. ಎಮ್ಮೆ ನೋವು ನುಂಗಿಕೊಂಡಿತೇ ಹೊರತು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಕಾಗೆಗೆ. ತಾನೇ ಹಾರಿಹೋಗಿ ಪಂಡಿತರನ್ನು ಕರೆತಂದಿತು. ಅವರು ಹೊಸ ಎಲೆ ಅಂಟಿಸಿ, "ಮತ್ತೆ ಮೊದಲಿನಿಂದ ಎಂಟು ದಿನ" ಎಂದರು.

ಐದನೆಯ ದಿನ ಎಮ್ಮೆಯೇ ಗೋಗರೆಯಿತು. "ತಂಗೀ, ನವೆ ತಾಳಲಾರೆ. ಒಂದೇ ಒಂದು ಸಲ ಕುಕ್ಕಿಬಿಡು."

"ಆಗದು, ಅಕ್ಕಾ. ರೆಕ್ಕೆ ಬೀಸಿ ನೊಣ ಓಡಿಸುತ್ತೇನೆ, ಗಾಳಿ ಹಾಕುತ್ತೇನೆ. ಕುಕ್ಕುವುದೊಂದನ್ನು ಮಾತ್ರ ಕೇಳಬೇಡ" ಎಂದಿತು ಕಾಗೆ. ಸಂಜೆಯವರೆಗೂ ರೆಕ್ಕೆ ಬೀಸುತ್ತಲೇ ಕುಳಿತಿತು.

ಒಂಬತ್ತನೆಯ ದಿನ ಎಲೆ ತಾನಾಗಿಯೇ ಉದುರಿತು. ಅದರಡಿಯಲ್ಲಿ ಹೊಸ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

"ಯಾವ ಮದ್ದು ಹಾಕಿದೆ, ತಂಗೀ?" ಎಂದು ಎಮ್ಮೆ ಕೇಳಿತು.

"ಮದ್ದೆಲ್ಲ ಪಂಡಿತರದು, ಅಕ್ಕಾ. ನಾನು ಪಟ್ಟಿ ಕಟ್ಟಿದ್ದು ನನ್ನ ಕೊಕ್ಕಿಗೆ."