ತೊಳೀದೆ ಬಿಟ್ಟ ಮುಖ

ಇದನ್ನ ಎಲ್ಲೂ ಬಾಯಿ ಬಿಡಬೇಡ ಅಂತ ಅಜ್ಜಿ ನನ್ನ ಕೈ ಹಿಡ್ಕೊಂಡು ಹೇಳಿದ್ರು. ಆದ್ರೂ ಹೇಳ್ತೀನಿ. ನಡುವೆ ಯಾರೂ ನಗಬೇಡಿ, ಆಮೇಲೆ ನಂಗೆ ಮಾತೇ ಬರಲ್ಲ.

ಟೆಂಟಲ್ಲಿ ಸಿನಿಮಾ ತೋರಿಸ್ತಿದ್ದ ಕಾಲ. ಒಂದೂರಲ್ಲಿ ಪಾಂಡೋಜಿರಾಯರು ಅಂತ ಇದ್ರಂತೆ. ಸಿನಿಮಾ ವಾರಪತ್ರಿಕೆ ನಡೆಸ್ತಿದ್ರಂತೆ. ಮನೆಯ ಹಿಂದಿನ ಕೋಣೇಲೇ ಪ್ರೆಸ್ಸು. ಅವರು ಯಾರ ಪಟ ಮುಖಪುಟಕ್ಕೆ ಹಾಕಿದ್ರೂ, ಆ ವಾರವೆಲ್ಲಾ ಆ ಮುಖ ಪತ್ರಿಕೆ ಹೋದಲ್ಲೆಲ್ಲಾ ಓಡಾಡ್ತಿತ್ತಂತೆ. ಹಿಟ್ಟಿನ ಗಿರಣಿ ಹತ್ರ ಹೀರೋಯಿನ್ ನಿಂತಿದ್ಲು ಅನ್ನೋರಂತೆ. ಬಾವಿಕಟ್ಟೇಲಿ ಹೀರೋ ಕಾಲು ತೊಳೀತಿದ್ದ ಅನ್ನೋರಂತೆ. ಮಾತಾಡಿಸಿದ್ರೆ ಬರೀ ನಗೋದಂತೆ, ಪಟದಲ್ಲಿ ಹೆಂಗೆ ನಕ್ಕಿದ್ರೋ ಹಂಗೇ.

ಅದಕ್ಕೇ ರಾಯರದ್ದೊಂದು ಕಟ್ಟಳೆ. ವಾರ ತುಂಬಿದ ದಿನ ಆ ಪಟದ ಬ್ಲಾಕನ್ನ, ಅಂದ್ರೆ ಮುಖ ಕೊರೆದ ಆ ತಗಡನ್ನ, ತಾವೇ ಸೀಮೆಎಣ್ಣೇಲಿ ತೊಳೆದು ಮಕಾಡೆ ಇಡೋರಂತೆ. ಮಸಿ ಹೋದ್ರೆ ಮುಖಾನೂ ಹೋಗೋದಂತೆ.

ಆಮೇಲೆ ರಾಯರಿಗೆ ಎಲೆಕ್ಷನ್ ಹುಚ್ಚು ಹಿಡೀತಂತೆ. ಎದುರಿಗೆ ನಿಂತೋರು, "ಬೇರೆಯೋರ ಮುಖ ಮಾರೋನು, ಇವನ ಮುಖ ಯಾರು ನೋಡಿದಾರೆ?" ಅಂತ ಆಡ್ಕೊಂಡ್ರಂತೆ. ರಾಯರು ಸೀದಾ ಹೋಗಿ ತಮ್ಮ ಪಟಕ್ಕೇ ಬ್ಲಾಕ್ ಮಾಡಿಸಿದ್ರಂತೆ.

ಹೆಂಡತಿ ಅಂಬೂಬಾಯಿ ಬೇಡವೇ ಬೇಡ ಅಂದ್ರಂತೆ. "ನಂಗೆ ಎಮ್ಮೆಲ್ಲೆ ಬೇಡ ರೀ. ಮನೆಗೆ ಬರೋ ಗಂಡ ಸಾಕು."

"ತೊಳೆಯೋನು ನಾನೇ ಅಲ್ವೇನೇ? ನನ್ನ ಮುಖ ತೊಳ್ಕೊಳ್ಳೋದು ಮರೀತೀನಾ?" ಅಂತ ನಕ್ಕರಂತೆ ರಾಯರು.

ಪತ್ರಿಕೆ ಮನೆಮನೆಗೂ ಹೋಯ್ತಂತೆ. ಒಂದೇ ದಿನ, ಒಂದೇ ಹೊತ್ತಲ್ಲಿ, ಊರೂರಲ್ಲೂ ರಾಯರಂತೆ. ಒಬ್ಬರ ಜಗಲೀಲಿ ನಗ್ತಾ ಕೂತಿದ್ರಂತೆ. ಇನ್ನೊಬ್ಬರ ಕೂಸನ್ನ ಎತ್ಕೊಂಡ್ರಂತೆ. ಆ ಕೂಸು ಆಮೇಲೆ ಅಳೋದನ್ನೇ ಬಿಡ್ತಂತೆ. ಹಸಿದ್ರೂ ನಗೋದಂತೆ, ಬಿದ್ರೂ ನಗೋದಂತೆ.

ರಾಯರು ಗೆದ್ರಂತೆ. ಹಾರ, ಪಟಾಕಿ, ಜೈಕಾರ. ಜನ ಹೆಗಲ ಮೇಲೆ ಹೊತ್ಕೊಂಡು ಹೋಗಿ ಹಂಗೇ ಬೆಂಗಳೂರಿನ ಕಾರು ಹತ್ತಿಸಿದ್ರಂತೆ. ಬ್ಲಾಕು ಮಷೀನಲ್ಲೇ ಉಳೀತಂತೆ, ಮಸಿ ಮೆತ್ಕೊಂಡು.

ಪ್ರಮಾಣವಚನ ಮುಗಿಸಿ ರಾಯರು ವಾಪಸ್ ಬಂದಾಗ ಮಟಮಟ ಮಧ್ಯಾಹ್ನವಂತೆ. "ಅಂಬೂ, ಬಾಗಿಲು ತೆಗಿಯೇ" ಅಂದ್ರಂತೆ.

"ಯಾರಪ್ಪಾ ಅದು? ಯಜಮಾನ್ರು ಊಟಕ್ಕೆ ಕೂತಿದಾರೆ, ಆಮೇಲೆ ಬನ್ನಿ."

ರಾಯರು ಕಿಟಕೀಲಿ ಬಗ್ಗಿ ನೋಡಿದ್ರಂತೆ. ಎಲೆ ಮುಂದೆ ಯಾರೋ ಕೂತು ನಗ್ತಿದಾರೆ. ಅನ್ನ ಮುಟ್ಟಿಲ್ಲ. ಅಂಬೂಬಾಯಿ ಸಾರು ಬಡಿಸ್ತಾ, "ಯಾಕ್ರೀ ಮಾತಿಲ್ಲ? ಎಮ್ಮೆಲ್ಲೆ ಆದ್ರಿ ಅಂತ ಜಂಬಾನಾ?" ಅಂತಿದಾರಂತೆ.

"ಒಂದೇ ಒಂದ್ಸಲ ಒಳಗೆ ಬಿಡೇ! ಆ ಬ್ಲಾಕ್ ತೊಳೀಬೇಕು ಕಣೇ!" ಅಂತ ರಾಯರು ಅತ್ತುಬಿಟ್ರಂತೆ. ಬೀದಿಯೋರೆಲ್ಲಾ ಸೇರಿದ್ರಂತೆ. ರಾಯರ ಮುಖ ನೋಡಿ ನೋಡಿ, "ನಮ್ಮ ರಾಯರು ಯಾವಾಗ್ಲೂ ನಗ್ತಿರ್ತಾರೆ. ನೀನು ಅಳ್ತಿದೀಯ. ನಡಿಯಯ್ಯಾ ಅತ್ಲಾಗೆ!" ಅಂತ ಅಟ್ಟಿದ್ರಂತೆ. ಆಮೇಲೆ ಅವರನ್ನ ಯಾರೂ ಕಾಣಲಿಲ್ಲವಂತೆ.

ಅಟ್ಟಿದ್ದು ನಿಜವಾದ ರಾಯರನ್ನೇ ಅಂತ ಬೀದಿಯೋರಿಗೆ ಗೊತ್ತಾಗೋಷ್ಟರಲ್ಲಿ ಕಾಲ ಮಿಂಚಿತ್ತಂತೆ. ಅದಕ್ಕೇ ಈಗಲೂ ಮಧ್ಯಾಹ್ನ ಆ ಮನೆ ಮುಂದೆ ಹಾಯೋರು ನಿಂತು, ಚಿಲಕ ಅಲ್ಲಾಡಿಸಿ, "ಅಂಬಮ್ಮಾ, ತೆಗೀರಿ. ಹೊರಗಿರೋರೇ ನಿಮ್ಮೋರು" ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಅಜ್ಜಿನೂ ಹೇಳಿದಾರಂತೆ.

ಮೊನ್ನೆ ನಾನೂ ಹೋಗಿ ಹೇಳಿದೆ. ಸಾರಿನ ವಾಸನೆ ಬರ್ತಿತ್ತು. ಬಾಗಿಲು ಮುಚ್ಚಿತ್ತು. ಇನ್ನೊಂದ್ಸಲ ಕೂಗಿದೆ. ಆಮೇಲೆ ಮುಂದಕ್ಕೆ ಹೋದೆ.