ರೈಲು ಛತ್ರಕ್ಕೆ ಜಾಹೀರಾತು ಬರೆದ ಸಣ್ಣರಂಗ

ಬೀರೂರಲ್ಲಿ ಗೌರಕ್ಕ ಅಂತ ಒಬ್ಬಳು. ಅವಳಿಗೊಬ್ಬ ಮಗ, ಸಣ್ಣರಂಗ. ಏನು ಹೇಳಿದರೆ ಅದನ್ನೇ ಮಾಡುವ ಮಗ. ಅದಕ್ಕಿಂತ ಪುಣ್ಯ ಏನಿದೆ ಅನ್ನಬೇಡಿ, ಮುಂದೆ ಕೇಳಿ. ಒಲೆಯ ಮೇಲಿನ ಹಾಲು ನೋಡುತ್ತಿರು ಎಂದು ಹೇಳಿ ಅವಳು ಹಿತ್ತಿಲಿಗೆ ಹೋದರೆ, ಬರುವಷ್ಟರಲ್ಲಿ ಹಾಲೆಲ್ಲ ಉಕ್ಕಿ ಒಲೆಯ ಪಾಲಾಗಿರುತ್ತಿತ್ತು. ಸಣ್ಣರಂಗ ರೆಪ್ಪೆ ಮಿಟುಕಿಸದೆ ನೋಡುತ್ತ ಕೂತಿರುತ್ತಿದ್ದ.

ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಈ ಕೈ ಹಾಳಾಗಬಾರದು ಎಂಬುದೊಂದೇ ಗೌರಕ್ಕನ ಹಟ. ಕಡೂರಿನಲ್ಲಿ ಅಕ್ಕಿ ಮಿಲ್ಲು ಇಟ್ಟಿದ್ದ ಅವಳ ಅಣ್ಣ ಮಲ್ಲೇಶಪ್ಪನೋ, ಬಂದಾಗಲೆಲ್ಲ ಒಂದೇ ಮಾತು ಆಡುತ್ತಿದ್ದ. "ನಿನ್ನ ಮಗನಿಗೆ ಅಂತ ಪೊರಕೆ ತೆಗೆದಿಟ್ಟಿದ್ದೀನಿ ತಂಗಿ. ಬರಲಿ, ತೌಡು ಗುಡಿಸಲಿ."

ಗೌರಕ್ಕನಿಗೆ ರೋಷ ಬಂತು. ಸೀದಾ ಅಶ್ವತ್ಥಯ್ಯನ ಪ್ರಚಾರದ ಅಂಗಡಿಗೆ ಹೋದಳು. ಕರಪತ್ರ ಅಚ್ಚು ಹಾಕಿಸುವುದು, ಆಟೋಗೆ ಮೈಕು ಕಟ್ಟಿ ಊರು ಸುತ್ತಿಸುವುದು ಅಶ್ವತ್ಥಯ್ಯನ ಕಸುಬು. ಜಾಹೀರಾತು ಬರೆಯುತ್ತಿದ್ದ ಹಳಬರು ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ಸಂಕ್ರಾಂತಿವರೆಗೆ ನೋಡುತ್ತೇನೆ, ಕೈ ಕುದುರದಿದ್ದರೆ ಹುಡುಗನನ್ನು ಕರೆದುಕೊಂಡು ಹೋಗಬೇಕು ಎಂದ ಅಶ್ವತ್ಥಯ್ಯ. ಗೌರಕ್ಕ ಮಗನನ್ನು ಬಾಗಿಲಲ್ಲಿ ನಿಲ್ಲಿಸಿ ಬುದ್ಧಿ ಹೇಳಿದಳು: ನಿನ್ನದೇನೂ ಸೇರಿಸಬೇಡ, ಅಂಗಡಿಯವರು ಹೇಳಿದ್ದನ್ನು ಹೇಳಿದ ಹಾಗೇ ಬರಿ.

ಮೊದಲು ಬಂದದ್ದು ಸೀರೆ ಅಂಗಡಿ. ಸಣ್ಣರಂಗ ಅಲ್ಲೇ ಕೂತು ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಮೈಕಿನಲ್ಲಿ ಓದುವವರು ಜಬ್ಬಾರ್ ಸಾಬರು. ಕೊಟ್ಟ ಕಾಗದ ಓದುವುದಷ್ಟೇ ಅವರ ಕೆಲಸ, ಅದರಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳುವವರಲ್ಲ.

"ಬನ್ನಿ, ನಮ್ಮಲ್ಲಿ ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ. ಕೂತ್ಕೋಳಪ್ಪ, ಕಾಫಿ ಕುಡೀತೀಯಾ? ಲೋ, ಆ ಮೇಲಿನ ಕಟ್ಟು ಇಳಿಸಬೇಡ, ಅದು ಹೋದ ವರ್ಷದ್ದು. ಅಗೋ, ಬಂದಳು ಮೇಷ್ಟ್ರ ಹೆಂಡತಿ. ಅಂಗಡಿಯೆಲ್ಲ ಬಿಚ್ಚಿಸ್ತಾಳೆ, ಒಂದು ಕರವಸ್ತ್ರನೂ ಕೊಳ್ಳಲ್ಲ."

ಮೇಷ್ಟ್ರ ಹೆಂಡತಿ ತಮ್ಮ ಮನೆಯ ಮುಂದೆ ರಂಗೋಲಿ ಬಿಡುತ್ತಿದ್ದವರು ಎದ್ದು ನಿಂತರು. ಆಟೋ ಹೋದ ದಾರಿಯಲ್ಲಿ ಹೋಗಲಿಲ್ಲ, ಸೀರೆ ಅಂಗಡಿಯ ದಾರಿ ಹಿಡಿದರು.

ಅಶ್ವತ್ಥಯ್ಯ ತಲೆ ತಲೆ ಚಚ್ಚಿಕೊಂಡ. ಬರೆಯುವುದೆಂದರೆ ಕತ್ತರಿ ಹಾಕುವುದು ಕಣೋ, ಬೇಡದ್ದನ್ನೆಲ್ಲ ಕತ್ತರಿಸು, ಎಷ್ಟು ಚಿಕ್ಕದಾದರೆ ಅಷ್ಟು ಚೆಂದ ಎಂದ. ಸಣ್ಣರಂಗ ಆಗಲಿ ಎಂದ.

ಆಮೇಲೆ ಬಂದವರು ಹಲ್ಲಿನ ಡಾಕ್ಟರು. ಸಣ್ಣರಂಗ ಒಂದು ಹಾಳೆ ತುಂಬ ಬರೆದು ಕತ್ತರಿಸತೊಡಗಿದ. ಡಾಕ್ಟರ ಹೆಸರು? ಅದು ಅವರ ಬೋರ್ಡಿನಲ್ಲೇ ಇದೆ, ಬೇಡ. ಬೀದಿ? ಬೋರ್ಡು ಅದೇ ಬೀದಿಯಲ್ಲಿದೆ, ಬೇಡ. ನೋವು? ಇರುವವರಿಗೆ ಗೊತ್ತೇ ಇರುತ್ತದೆ, ಬೇಡ. ಕಡೆಗೆ ಊರಿಗೆಲ್ಲ ಹಂಚಿದ ಕರಪತ್ರದಲ್ಲಿ ಉಳಿದದ್ದು ಒಂದೇ ಪದ, "ಹಲ್ಲು".

ಮಾರನೆಯ ದಿನ ಅಶ್ವತ್ಥಯ್ಯನ ಅಂಗಡಿ ಮುಂದೆ ಜನ. ಯಾರದೋ ಹಲ್ಲು ಸಿಕ್ಕಿದೆಯಂತಲ್ಲ, ಚಿನ್ನದ್ದಾದರೆ ಅದು ನಮ್ಮ ಮಾವನವರದು ಎಂದು ಒಬ್ಬಳು ಜಗಳಕ್ಕೇ ನಿಂತಳು.

ಅಶ್ವತ್ಥಯ್ಯ ಮತ್ತೆ ಬೈದ. ಓದುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೀಬೇಕು ಕಣೋ. ಊರಿಗೆಲ್ಲ ಬರೀಬೇಡ, ಒಬ್ಬ ಮನುಷ್ಯನಿಗೆ ಬರಿ, ಅವನ ಕಷ್ಟ ಏನು ಅಂತ ನೇರವಾಗಿ ಅವನಿಗೇ ಹೇಳು ಎಂದ. ಸಣ್ಣರಂಗ ಆಗಲಿ ಎಂದ.

ಈ ಸಲ ಕೂದಲು ಬೆಳೆಯುವ ಎಣ್ಣೆ. ಬೆಳಗಿನ ಪೇಪರಿನ ಜೊತೆ ಮನೆಮನೆಗೂ ಕರಪತ್ರ ಹೋಯಿತು. "ಹಳೇಪೇಟೆ ಪರಮೇಶಣ್ಣನವರೇ, ನೀವು ಟೋಪಿ ಹಾಕಿದರೂ ನಿಮ್ಮ ತಲೆ ಬೋಳು ಎಂಬುದು ಎಲ್ಲರಿಗೂ ಗೊತ್ತು. ಟೋಪಿ ತೆಗೆದು ಈ ಎಣ್ಣೆ ಹಚ್ಚಿ."

ಪರಮೇಶಣ್ಣ ಆ ವಾರ ಹೆಣ್ಣು ನೋಡಲು ಹೊರಟಿದ್ದವನು. ಟೋಪಿ ಹೊಲಿಸಿದ್ದೂ ಅದಕ್ಕೇ. ಚಪ್ಪಲಿ ಕೈಯಲ್ಲಿ ಹಿಡಿದು ಎಣ್ಣೆ ಅಂಗಡಿಗೇ ಬಂದ, ಕೂಗಾಡಿದ, ಬಾಯಿಗೆ ಬಂದದ್ದೆಲ್ಲ ಅಂದ. ಹೋಗುವಾಗ ಎರಡು ಸೀಸೆ ಎಣ್ಣೆ ತೆಗೆದುಕೊಂಡು ಹೋದ.

ಅವತ್ತು ಅಶ್ವತ್ಥಯ್ಯ ಗೌರಕ್ಕನನ್ನೇ ಕರೆಸಿದ. "ಗೌರಕ್ಕ, ಸಂಕ್ರಾಂತಿವರೆಗೆ ಕಾಯೋಕೆ ನನ್ನ ಕೈಲಾಗಲ್ಲ. ಇನ್ನೊಂದೇ ಒಂದು ಕೆಲಸ ಕೊಡ್ತೀನಿ. ಅದೂ ಕೆಟ್ಟರೆ ಕರಕೊಂಡು ಹೋಗಿಬಿಡಿ." ಆಮೇಲೆ ಸಣ್ಣರಂಗನ ಕಡೆ ತಿರುಗಿ, ಇನ್ನು ಮೇಲೆ ಯಾವುದನ್ನೇ ಆಗಲಿ ನೀನೇ ಬಳಸಿ ನೋಡದೆ ಒಂದಕ್ಷರ ಬರೆಯಕೂಡದು, ಬಳಸುವಾಗ ನಿನಗೇನಾಯಿತೋ ಅದನ್ನು ಬರಿ ಎಂದ. ಸಣ್ಣರಂಗ ಆಗಲಿ ಎಂದ. ಗೌರಕ್ಕ ಮನೆದೇವರಿಗೆ ಕೈ ಮುಗಿದಳು. ಮಗ ಆಗಲಿ ಎಂದಾಗಲೆಲ್ಲ ಏನೋ ಒಂದು ಆಗಿಯೇ ಆಗುತ್ತಿತ್ತು.

ಆ ಕೆಲಸ ಶೇಷಪ್ಪನ ಮದುವೆ ಛತ್ರದ್ದು. ಛತ್ರವೇನೋ ಅರಮನೆಯಂಥದು. ಆದರೆ ರೈಲುಹಳಿಗೆ ಅಂಟಿಕೊಂಡಿತ್ತು. ರೈಲು ಬಂದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಅದಕ್ಕೇ ಯಾರೂ ಹಿಡಿಯುತ್ತಿರಲಿಲ್ಲ. ರೈಲಿನ ಸುದ್ದಿ ಎತ್ತದೆ ಬರೆಸಿ ಎಂದು ಶೇಷಪ್ಪ ಅಶ್ವತ್ಥಯ್ಯನಿಗೆ ಕೈ ಮುಗಿದು ಹೇಳಿ ಹೋಗಿದ್ದ.

ಬೆಳಿಗ್ಗೆ ಗೌರಕ್ಕ ಎದ್ದು ನೋಡುತ್ತಾಳೆ, ಪೆಟ್ಟಿಗೆ ತೆರೆದಿದೆ. ಗಂಡನ ಮದುವೆಯ ಜರಿ ಪಂಚೆ ಇಲ್ಲ, ಪೇಟ ಇಲ್ಲ, ಮಗನೂ ಇಲ್ಲ. ಅವಳಿಗೆ ಅರ್ಥವಾಯಿತು. ಎದ್ದುಬಿದ್ದು ಛತ್ರಕ್ಕೆ ಓಡಿದಳು. ಮಂಟಪದಲ್ಲಿ ಹಸೆಮಣೆಯ ಮೇಲೆ ಬಾಸಿಂಗ ಕಟ್ಟಿಕೊಂಡು ಸಣ್ಣರಂಗ ಗಂಭೀರವಾಗಿ ಕೂತಿದ್ದಾನೆ. ಪಕ್ಕದ ಮಣೆ ಖಾಲಿ. ಕಾವಲುಗಾರ ಕೈಯಲ್ಲಿ ಅಕ್ಷತೆ ಹಿಡಿದು, ಏನು ಮಾಡಬೇಕೆಂದು ತೋಚದೆ ನಿಂತಿದ್ದಾನೆ. ಗೌರಕ್ಕ ಬಾಗಿಲಲ್ಲೇ ನಿಂತು, ಹೆತ್ತ ಹೊಟ್ಟೆ ಉರಿಸಬೇಡವೋ, ಎದ್ದು ಬಾರೋ ಎಂದು ಬಾಯಿ ಮಾಡಿದಳು. ಅಷ್ಟರಲ್ಲಿ ರೈಲು ಬಂತು. ಅವಳ ಮಾತು ಅವಳಿಗೇ ಕೇಳಲಿಲ್ಲ. ಮಗನ ಮೂಗು ಅದುರಿದ್ದು, ಬಾಯಿ ತೆರೆದದ್ದು, ಬಾಸಿಂಗ ಹಾರಿದ್ದು ಕಾಣಿಸಿತು. ಸೀನಿದ್ದಾನೆ, ಅದೂ ಹಸೆಮಣೆಯ ಮೇಲೆ. ಸದ್ದು ಮಾತ್ರ ಕೇಳಲಿಲ್ಲ.

ರೈಲು ದಾಟಿದ ಮೇಲೆ ಅವಳು ಮಗನ ಕಿವಿ ಹಿಡಿದಳು. ಹಿಡಿಯುವಷ್ಟರಲ್ಲಿ ಅವನು ಬರೆದು ಮುಗಿಸಿದ್ದ. ಕಾಗದ ಹೊರಗೆ ಆಟೋದಲ್ಲಿ ಕಾಯುತ್ತಿದ್ದ ಜಬ್ಬಾರ್ ಸಾಬರ ಕೈ ಸೇರಿತ್ತು.

"ಮದುವೆ ಮಾಡುವವರೇ, ಈ ಛತ್ರದ ಗೋಡೆಗೆ ತಾಗಿ ರೈಲು ಹೋಗುತ್ತದೆ. ಹಸೆಮಣೆಯ ಮೇಲೆ ಕೂತು ನೋಡಿಯೇ ಬರೆಯುತ್ತಿದ್ದೇನೆ. ನಾನು ಸೀನಿದೆ, ಪಕ್ಕದಲ್ಲಿದ್ದವನಿಗೂ ಕೇಳಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಬೈದಳು, ನನಗೂ ಕೇಳಲಿಲ್ಲ. ಇಲ್ಲಿ ರೈಲು ಬಂದಾಗ ಬೀಗರು ಏನಂದರೂ ಯಾರಿಗೂ ಕೇಳುವುದಿಲ್ಲ."

ಶೇಷಪ್ಪ ಇದನ್ನು ಕೇಳಿ ಬಡಿಗೆ ಹುಡುಕುತ್ತಿದ್ದ. ಬಡಿಗೆ ಸಿಗುವ ಮೊದಲೇ ಜನ ಬಂದರು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುವುದೇ ಸೀನು, ಕೆಟ್ಟ ಮಾತು ಕಿವಿಗೆ ಬೀಳದಿರಲಿ ಎಂದಲ್ಲವೇ? ಇಲ್ಲಿ ರೈಲೇ ಗಟ್ಟಿಮೇಳ. ಯಾವ ಓಲಗದವರಿಗೆ ಅಷ್ಟು ಉಸಿರಿದೆ? ಹೆಣ್ಣು ಹೆತ್ತವರು ಸಾಲುಗಟ್ಟಿದರು. ಪುರೋಹಿತರು ಪಂಚಾಂಗದ ಜೊತೆ ರೈಲಿನ ವೇಳಾಪಟ್ಟಿಯನ್ನೂ ಬಿಚ್ಚಿ ಮುಹೂರ್ತ ಇಟ್ಟರು. ಮಾಘಮಾಸ ಪೂರ್ತಿ ಛತ್ರ ಭರ್ತಿ.

ಆ ಸಾಲಿನಲ್ಲಿ ಕಡೂರಿನ ಮಲ್ಲೇಶಪ್ಪನೂ ನಿಂತಿದ್ದ. ಅವನ ಮಗಳಿಗೆ ಅತ್ತೆಯಾಗುವವಳು ನಾಲಗೆ ಉದ್ದದವಳಂತೆ. ಗೌರಕ್ಕ ಸೆರಗು ಸರಿ ಮಾಡಿಕೊಂಡು ಹತ್ತಿರ ಹೋದಳು.

"ಪೊರಕೆ ಯಾರಿಗೆ ಕೊಟ್ಟೆ ಅಣ್ಣ?"

ಮಲ್ಲೇಶಪ್ಪ ನೆಲ ನೋಡಿದ. "ಅದಿರಲಿ ತಂಗಿ. ಆ ಹನ್ನೊಂದರ ರೈಲು ಸರಿಯಾಗಿ ಬರುತ್ತಾ, ಸಣ್ಣರಂಗನ್ನ ಸ್ವಲ್ಪ ಕೇಳಿ ಹೇಳು."

ಅಶ್ವತ್ಥಯ್ಯ ಸಣ್ಣರಂಗನಿಗೆ ಹಳಬರ ಮೇಜು, ಕುರ್ಚಿ ಎರಡನ್ನೂ ಕೊಟ್ಟ. ಇನ್ನು ಈ ಕುರ್ಚಿ ಅವನದೇ, ಸಂಕ್ರಾಂತಿಯ ಮಾತೇ ಇಲ್ಲ ಎಂದ. ಗೌರಕ್ಕ ಬೀದಿಗೆಲ್ಲ ಹೋಳಿಗೆ ಹಂಚಿದಳು. ಕಂಡವರಿಗೆಲ್ಲ, ನನ್ನ ಮಗ ಬಳಸಿ ನೋಡದೆ ಬರೆಯುವವನಲ್ಲ ಎಂದು ಹೇಳಿಕೊಂಡಳು. ಮಗನಿಗೂ ಹೇಳಿದಳು, ಹಿಡಿದ ದಾರಿ ಬಿಡಬೇಡ ಕಂದ ಎಂದು. ಸಣ್ಣರಂಗ ಆಗಲಿ ಎಂದ.

ಮಾರನೆಯ ಸಂಜೆ ದೀಪ ಹಚ್ಚಿದರೂ ಅವನು ಮನೆಗೆ ಬರಲಿಲ್ಲ. ಗೌರಕ್ಕ ಅಂಗಡಿಗೆ ಹೋಗಿ, ಇವತ್ತು ಯಾರ ಜಾಹೀರಾತು ಬರೆಯಲು ಕಳಿಸಿದಿರಿ ಎಂದು ಕೇಳಿದಳು. ಹೊಸದಾಗಿ ತೆರೆದ ಹೆರಿಗೆ ಆಸ್ಪತ್ರೆಯದು ಎಂದ ಅಶ್ವತ್ಥಯ್ಯ. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖವೂ ಬಿಳಿಚಿಕೊಂಡಿತು. ಇಬ್ಬರೂ ಓಡಿದರು.

ಒಳಗೆ ಮಂಚದ ಮೇಲೆ ಸಣ್ಣರಂಗ ಮಲಗಿದ್ದ. ಬಾಣಂತಿಯ ಹಾಗೆ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ವಸ್ತ್ರ. ಸುತ್ತ ದಾದಿಯರು ಕೈ ಚೆಲ್ಲಿ ನಿಂತಿದ್ದರು. ತಾಯಿಯನ್ನು ಕಂಡು ಅವನಿಗೆ ಅಳುವೇ ಬಂತು.

"ಅಮ್ಮ, ಬೆಳಗ್ಗೆಯಿಂದ ನರಳ್ತಾ ಇದ್ದೀನಿ, ಇನ್ನೂ ಏನೂ ಆಗಿಲ್ಲ. ಆಗದೆ ನಾನು ಹೇಗಮ್ಮ ಬರೀಲಿ?"