ಕಣ್ಣೀರು ಬೇಕೆಂದ ಹಾಡುಗಾರ್ತಿ

"ಗುರುಗಳೇ, ಗುಣ ಕೊಟ್ಟ ಮದ್ದನ್ನು ಮನುಷ್ಯ ತಾನಾಗಿ ಯಾಕೆ ಬಿಡುತ್ತಾನೆ?"

ಕೇಳಿದವನು ಬಾಳಯ್ಯ. ಮಠದ ಔಷಧಾಲಯ ನೋಡಿಕೊಳ್ಳುವುದು ಅವನ ಸೇವೆ. ತಿಂಗಳಿಗೊಮ್ಮೆ ಪಟ್ಟಣದಿಂದ ಡಾಕ್ಟರು ಬರುತ್ತಿದ್ದರು. ಅವರು ಬರೆದುಕೊಟ್ಟ ಮಾತ್ರೆಗಳನ್ನು ಬಾಳಯ್ಯ ಹಂಚುತ್ತಿದ್ದ. ಅವತ್ತು ಅವನಿಗೆ ಸಿಟ್ಟು ಬಂದಿತ್ತು.

"ಬಣಗಾರ ಓಣಿಯ ಶಿವಗಂಗಮ್ಮನ ವಿಷಯ," ಎಂದ. "ಖಿನ್ನತೆ ಎಂದು ಡಾಕ್ಟರು ಮಾತ್ರೆ ಬರೆದರು. ಮೂಲೆ ಹಿಡಿದು ಕೂತವಳು ಆರು ತಿಂಗಳಲ್ಲಿ ಎದ್ದು ಓಡಾಡುವಂತಾದಳು. ಈಗ ಮಾತ್ರೆ ಬಿಟ್ಟಿದ್ದಾಳೆ, ಮತ್ತೆ ಮೂಲೆ ಹಿಡಿದಿದ್ದಾಳೆ. ನಿನ್ನೆ ಮನೆಗೇ ಹೋಗಿ ಚೆನ್ನಾಗಿ ಬೈದು ಬಂದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಹಾಗಾಯಿತು. ಇದು ಮೂರ್ಖತನವಲ್ಲದೆ ಮತ್ತೇನು?"

ಅಡವಯ್ಯ ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಟ ಇದೆ," ಎಂದರು. ಬಾಳಯ್ಯ ಕೂತ. ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬಳು ಹಾಡುಗಾರ್ತಿ ಇದ್ದಳು. ಗಂಡ ಎಣ್ಣೆಗಾಣದವನು, ಮಗಳು ಒಬ್ಬಳೇ. ಸುತ್ತ ಏಳು ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣೊಪ್ಪಿಸುವ ಹಾಡಿಗೆ ಅವಳೇ ಬರಬೇಕು. ಉಡಿ ತುಂಬಿ, ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, ಇನ್ನು ಇವಳು ನಿಮ್ಮವಳು ಎಂದು ಒಪ್ಪಿಸುವಾಗ ಹಾಡುವ ಹಾಡು ಅದು. ಹಾಡುತ್ತ ಹಾಡುತ್ತ ಅವಳು ಅಳುತ್ತಿದ್ದಳು. ಅವಳು ಅತ್ತರೆ ಇಡೀ ಚಪ್ಪರ ಅಳುತ್ತಿತ್ತು. ಊಟದಲ್ಲಿ ಉಪ್ಪು ಕಡಿಮೆ ಎಂದು ಜಗಳ ತೆಗೆದಿದ್ದ ಬೀಗರೂ ಹೆಗಲ ವಲ್ಲಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಆ ಸೀಮೆಯಲ್ಲಿ ಒಂದು ನಂಬಿಕೆ ಇತ್ತು. ಹಾಡುವವಳು ಅತ್ತರೆ ಹೋದ ಹೆಣ್ಣು ನಗುತ್ತ ಬಾಳುತ್ತಾಳೆ. ಹಾಡುವವಳ ಕಣ್ಣು ಒಣಗಿದ್ದರೆ ಆ ಅಳು ಹೆಣ್ಣಿನ ಪಾಲಿಗೆ ಹೋಗುತ್ತದೆ. ನಗಬೇಡ ಬಾಳಯ್ಯಾ. ಒಂದೊಂದು ಊರಿಗೆ ಒಂದೊಂದು ನಂಬಿಕೆ, ಅವರಿಗೆ ಅದು ದೊಡ್ಡದು.

ಒಂದು ವರ್ಷ ಅವಳ ಮನಸ್ಸಿಗೆ ಕತ್ತಲು ಕವಿಯಿತು. ಯಾರೂ ಸತ್ತಿರಲಿಲ್ಲ, ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಅವಳಿಗೆ ಬೆಳಗಾಗುವುದೇ ಬೇಡವಾಯಿತು. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯದು, ಮಲಗಿದರೆ ನಿದ್ದೆ ಹತ್ತದು. ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದನ್ನು ಒಂದು ದಿನ ಗಂಡ ಕಂಡ. ಅವನ ಜೀವ ಬಾಯಿಗೆ ಬಂತು. ಅವತ್ತೇ ಗಾಣ ನಿಲ್ಲಿಸಿ, ಗಾಡಿ ಕಟ್ಟಿ, ಹೊಳೆಯಾಚೆಯ ಊರಿನ ಪಂಡಿತನ ಹತ್ತಿರ ಕರೆದುಕೊಂಡು ಹೋದ.

ಪಂಡಿತ ಒಂದು ಚೂರ್ಣ ಕೊಟ್ಟ. ದಿನಾ ಬೆಳಗ್ಗೆ ಜೇನುತುಪ್ಪದಲ್ಲಿ ಕಲಸಿ ತಿನ್ನು, ಮದ್ದು ಮುಗಿಯುವ ಮೊದಲೇ ಬಂದು ಒಯ್ಯಿ ಎಂದ. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ನಿದ್ದೆ ಬಂತು. ಮೂರನೆಯ ತಿಂಗಳು ಅವಳು ಹಸಿವಾಗುತ್ತಿದೆ ಎಂದಳು. ಆ ಮಾತು ಕೇಳಿ ಗಂಡ ಅಡುಗೆಮನೆಯ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಆರನೆಯ ತಿಂಗಳಿಗೆ ಅವಳು ಮತ್ತೆ ಮದುವೆಮನೆಗಳಿಗೆ ಹೊರಟಳು.

ಅಲ್ಲಿಯೇ ತೊಡಕು ಬಿತ್ತು. ಪಕ್ಕದ ಮನೆಯ ಹೆಣ್ಣನ್ನು ಒಪ್ಪಿಸುವ ಹೊತ್ತು. ಅವಳು ಎಂದಿನಂತೆ ಹಾಡಿದಳು. ದನಿ ಚೆನ್ನಾಗಿತ್ತು, ಒಂದು ಪದವೂ ತಪ್ಪಲಿಲ್ಲ. ಚಪ್ಪರದ ಹೆಂಗಸರೆಲ್ಲ ಅತ್ತರು. ಅವಳ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಸೆರಗಿನ ಮರೆಯಲ್ಲಿ ತೋಳು ಚಿವುಟಿಕೊಂಡಳು, ಆಗಲೂ ಬರಲಿಲ್ಲ. ಹಿಂದೆ ಯಾರೋ, "ಇವಳೇನೇ, ಕಲ್ಲಾಗಿಬಿಟ್ಟಿದ್ದಾಳೆ!" ಎಂದದ್ದು ಕೇಳಿಸಿತು. ಮನೆಗೆ ಬಂದವಳೇ ಒಂದು ಈರುಳ್ಳಿ ಹೆಚ್ಚಿದಳು. ಬಳಬಳ ನೀರು ಸುರಿಯಿತು. ಅಂದರೆ ಕಣ್ಣಿನಲ್ಲಿ ನೀರಿದೆ, ಹಾಡಿಗೆ ಬರುತ್ತಿಲ್ಲ ಎಂದು ತಿಳಿದು ಅವಳಿಗೆ ಭಯವಾಯಿತು. ಇನ್ನೆರಡು ಮದುವೆಗಳಲ್ಲೂ ಹಾಗೇ ಆಯಿತು.

ಅಷ್ಟರಲ್ಲಿ ಸ್ವಂತ ಮಗಳ ಮದುವೆ ಗೊತ್ತಾಯಿತು. ಮದುವೆಗೆ ನಾಲ್ಕು ತಿಂಗಳಿತ್ತು. ಎಲ್ಲರ ಮಕ್ಕಳನ್ನೂ ಅತ್ತು ಕಳಿಸಿದವಳು ತನ್ನ ಮಗಳನ್ನು ಒಣಗಣ್ಣಿನಲ್ಲಿ ಕಳಿಸಬೇಕೇ? ಆ ಹುಡುಗಿ ಹೋದ ಮನೆಯಲ್ಲಿ ಜೀವಮಾನವೆಲ್ಲ ಅಳಬೇಕೇ? ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಗುಣವಾದದ್ದಕ್ಕೆ ಗಂಡ ಅಷ್ಟು ಹಿಗ್ಗಿದ್ದ. ಗುಣವಾಗಿದ್ದೇ ನನಗೆ ಸಂಕಟ ಎಂದು ಯಾವ ಬಾಯಲ್ಲಿ ಹೇಳುವುದು? ಗಂಡನ ಕಣ್ಣಿಗೆ ಮಣ್ಣೆರಚಿ ದಿನಾ ಬೆಳಗ್ಗೆ ಚೂರ್ಣವನ್ನು ಒಲೆಯ ಬೂದಿಗೆ ಹಾಕತೊಡಗಿದಳು.

ಹದಿನೈದು ದಿನಕ್ಕೆ ಅಳು ಬಂತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣು ತುಂಬಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಅಳುತ್ತಲೇ ನಕ್ಕಳು. ಆಮೇಲೆ ಆ ಅಳು ನಿಲ್ಲಲಿಲ್ಲ. ಇನ್ನೊಂದು ತಿಂಗಳಿಗೆ ಅಳುವುದಕ್ಕೂ ತ್ರಾಣವಿಲ್ಲದಂತಾಯಿತು, ಹಾಡು ಗಂಟಲಿಂದ ಏಳಲಿಲ್ಲ. ಮಗಳು ಮದುವೆಯ ಸೀರೆ ತೋರಿಸಿದರೆ ಗೋಡೆಯ ಕಡೆ ತಿರುಗಿ ಮಲಗಿದಳು.

ಒಲೆಯ ಬೂದಿಯಲ್ಲಿ ಚೂರ್ಣ ಕಂಡು ಮದ್ದು ಬಿಟ್ಟದ್ದು ಬಯಲಾಯಿತು. ಊರ ಬಾಯಿಗೆ ಮುಚ್ಚಳವುಂಟೇ? ಗುಣವಾಯಿತೆಂದು ಬಿಟ್ಟಳು ಎಂದ ಗಂಡ. ಕಹಿಗೆ ಹೆದರಿ ಬಿಟ್ಟಳು ಎಂದಳು ಅತ್ತೆ. ಮರುಳಿನ ಮದ್ದು ತಿನ್ನುವವಳ ಮಗಳು ಎಂದು ಬೀಗರು ಆಡಿಕೊಂಡಾರೆಂದು ಹೆದರಿ ಬಿಟ್ಟಳು ಅಂದರು ಓಣಿಯವರು. ಇವು ಸುಳ್ಳು ಕಾರಣಗಳಲ್ಲ, ಬಾಳಯ್ಯಾ. ಒಂದೊಂದಕ್ಕೂ ಮದ್ದು ಬಿಟ್ಟವರು ಲೋಕದಲ್ಲಿ ಇದ್ದಾರೆ. ಆದರೆ ಅವು ಯಾವುವೂ ಅವಳ ಕಾರಣಗಳಾಗಿರಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಎಳೆದುಕೊಂಡಳು ಎಂದು ಎಲ್ಲರೂ ಬಂದು ಅವಳಿಗೇ ಬುದ್ಧಿ ಹೇಳಿ ಹೋದರು.

ಮದ್ದು ಒಯ್ಯಲು ಯಾರೂ ಬಾರದ್ದನ್ನು ಕಂಡು ಪಂಡಿತನೇ ಹೊಳೆ ದಾಟಿ ಬಂದ. ಮುದುಕ, ಮುಂಗೋಪಿ. ಅವನು ಬೈಯುತ್ತಾನೆಂದು ಮನೆಯವರೆಲ್ಲ ಕಾದು ನಿಂತರು. ಅವನು ಎಲ್ಲರನ್ನೂ ಹೊರಗೆ ಕಳಿಸಿ, ಅವಳ ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತ.

"ತಾಯೀ, ನನ್ನ ಮದ್ದು ನಿನ್ನಿಂದ ಏನು ಕಿತ್ತುಕೊಂಡಿತು?" ಎಂದು ಕೇಳಿದ.

ಅವಳು ಗೋಡೆ ಬಿಟ್ಟು ಅವನ ಕಡೆ ಹೊರಳಿದಳು. "ನನ್ನ ಅಳು ಹೋಯಿತು, ಪಂಡಿತರೇ. ನಾನು ಸತ್ತರೂ ಚಿಂತೆಯಿಲ್ಲ, ನನ್ನ ಮಗಳು ನಗುತ್ತ ಬಾಳಬೇಕು," ಎಂದು ಎಲ್ಲವನ್ನೂ ಹೇಳಿದಳು.

ಎಂಥ ಗಟ್ಟಿ ಜೀವ ನೋಡು! ಆ ಕತ್ತಲು ಎಂಥದೆಂದು ಅವಳಿಗೆ ಗೊತ್ತಿತ್ತು, ಬಾವಿಕಟ್ಟೆಯೂ ನೆನಪಿತ್ತು. ಆದರೂ ಮಗಳಿಗಾಗಿ ಕಣ್ಣು ತೆರೆದುಕೊಂಡೇ ಅದರೊಳಗೆ ಮರಳಿ ಹೋದಳು. ಮಾಡಿದ್ದು ತಪ್ಪು, ಇಲ್ಲವೆನ್ನುವುದಿಲ್ಲ. ಜೀವಕ್ಕೇ ಕುತ್ತಾಗುವ ತಪ್ಪು. ಆದರೆ ಆ ತಪ್ಪು ಮಾಡುವುದಕ್ಕೆ ಬೇಕಾದ ಎದೆ ನಿನಗೂ ಇಲ್ಲ, ನನಗೂ ಇಲ್ಲ. ಅದಕ್ಕಿಂತ ದೊಡ್ಡ ಧೈರ್ಯ ಅದನ್ನು ಬಾಯಿಬಿಟ್ಟು ಹೇಳಿದ್ದು.

ಪಂಡಿತ ನಂಬಿಕೆಯನ್ನು ಹಳಿಯಲಿಲ್ಲ. ತಲೆ ತಗ್ಗಿಸಿ, "ಇದು ನನ್ನ ತಪ್ಪು. ಬಂದಾಗಲೆಲ್ಲ ನಿದ್ದೆ ಬಂತೇ, ಅನ್ನ ಸೇರಿತೇ ಎಂದು ಕೇಳಿದೆ. ಹಾಡು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಬೇರೆ ಮೂಲಿಕೆ ಇದೆ, ಬೇರೆ ಅಳತೆ ಇದೆ, ಹುಡುಕೋಣ. ಬಿಡಬೇಕು ಅನಿಸಿದ ದಿನ ಮೊದಲು ನನ್ನ ಹತ್ತಿರ ಬಾ. ನನಗೆ ಹೇಳದೆ ಮಾತ್ರ ಬಿಡಬೇಡ," ಎಂದ.

ಮದುವೆಗೆ ಇನ್ನು ಎರಡೂವರೆ ತಿಂಗಳಿತ್ತು. ಹೊಸ ಮದ್ದು ಮೊದಲು ಹೊಟ್ಟೆ ತೊಳಸಿತು. ಅವಳು ಹೇಳಿ ಕಳಿಸಿದಳು, ಪಂಡಿತ ಅಳತೆ ಇಳಿಸಿದ. ನಿದ್ದೆ ಬಂತು. ಮತ್ತೆ ಹೇಳಿ ಕಳಿಸಿದಳು, ಅವನು ಚೂರು ಏರಿಸಿದ. ಮದುವೆಗೆ ಎಂಟು ದಿನ ಇದೆ ಎನ್ನುವಾಗ ಅವಳು ತಾನೇ ಎದ್ದು ಹಪ್ಪಳ ಒಣಹಾಕಿದಳು. ಮಗಳು ಓಡಿಬಂದು ತಾಯಿಯ ಸೊಂಟ ತಬ್ಬಿ ನಿಂತಳು.

ಒಪ್ಪಿಸುವ ಹೊತ್ತು ಬಂತು. ಉಡಿ ತುಂಬಿದ್ದಾಯಿತು. ಊರಿಗೆ ಊರೇ ಅವಳ ಕಣ್ಣು ನೋಡುತ್ತ ನಿಂತಿತ್ತು. ಮಗಳ ಕೈ ಹಿಡಿದು ಅವಳು ಹಾಡಿದಳು. ಮೊದಲ ನುಡಿ ಮುಗಿಯಿತು, ಕಣ್ಣು ಒಣಗಿಯೇ ಇತ್ತು. ಎರಡನೆಯದೂ ಮುಗಿಯಿತು. ಮೂರನೆಯ ನುಡಿಯಲ್ಲಿ ದನಿ ಒಂದಿಷ್ಟು ನಡುಗಿ ಒಂದು ಹನಿ ಬಂತು. ಒಂದೇ. ಮೊದಲಿನ ಹಾಗೆ ಧಾರೆಯಲ್ಲ. ಮಗಳು ಅದನ್ನು ಹೆಬ್ಬೆರಳಿನಿಂದ ಒರೆಸಿ, ನಗುತ್ತ ಗಾಡಿ ಹತ್ತಿದಳು. ಹಾಡುಗಾರ್ತಿ ಮರುದಿನ ಬೆಳಗ್ಗೆಯೂ ಮದ್ದು ತಿಂದಳು.

ಕತೆ ಮುಗಿಯಿತು. ಬಾಳಯ್ಯನ ಸಿಟ್ಟು ಇಳಿದಿತ್ತು, ಕಣ್ಣು ಹನಿಗೂಡಿತ್ತು. "ಎಂಥ ತಾಯಿ! ಎಂಥ ಪಂಡಿತ!" ಎಂದು ಕೈಮುಗಿದ. "ಈಗ ಹೇಳಿ ಗುರುಗಳೇ, ನಮ್ಮ ಶಿವಗಂಗಮ್ಮ ಯಾಕೆ ಬಿಟ್ಟಳು?"

ಗುರುಗಳು ಅವನ ಮುಖ ನೋಡಿದರು.

"ನಿನ್ನೆ ಅವಳ ಬಾಗಿಲವರೆಗೂ ಹೋಗಿದ್ದೆಯಲ್ಲಪ್ಪಾ, ಅದನ್ನು ಕೇಳುವುದಕ್ಕೆ ನನ್ನ ಹತ್ತಿರ ಯಾಕೆ ಬಂದೆ?"